ಎನ್‌ಪಿಟೆಲ್ ಕೋರ್ಸ್‌ನಲ್ಲಿ ಫೇಲ್ ಆಗುತ್ತಿದ್ದೀರಾ? ಅಂಕ ಎಲ್ಲಿ ಸೋರುತ್ತಿದೆ ಎಂದು ಪತ್ತೆ ಮಾಡುವ ಕೈಪಿಡಿ

ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ತಾಣವಾದ ಸ್ವಯಂ ಪೋರ್ಟಲ್‌ನಲ್ಲಿ ಎನ್‌ಪಿಟೆಲ್ (ಐಐಟಿಗಳು ಮತ್ತು ಐಐಎಸ್‌ಸಿ ನಡೆಸುವ) ಕೋರ್ಸ್ ತೆಗೆದುಕೊಂಡು ಅದರ ಕ್ರೆಡಿಟ್ಟನ್ನು ಡಿಗ್ರಿಗೆ ಸೇರಿಸಿಕೊಳ್ಳಬೇಕಾದ ವಿದ್ಯಾರ್ಥಿಗಳಿಗಾಗಿ ಈ ಕೈಪಿಡಿ. ಇಂಥವರಲ್ಲಿ ಇಂಜಿನಿಯರಿಂಗ್‌ನವರೇ ಹೆಚ್ಚು. ಬಿಎಸ್ಸಿ, ಬಿಕಾಂ ಓದುವವರಿಗೂ ಲೆಕ್ಕ ಇದೇ.

ಅಂಕ ಕಡಿಮೆ ಬಂದ ಕೂಡಲೇ ಮನೆಯವರೂ ಮೇಷ್ಟ್ರೂ ಹೇಳುವ ಮಾತು ಒಂದೇ: ‘ಇನ್ನೂ ಜಾಸ್ತಿ ಓದು.’ ಆನ್‌ಲೈನ್ ಕೋರ್ಸ್‌ನಲ್ಲಿ ಈ ಸಲಹೆ ಬಹಳ ಸಲ ಕೆಲಸಕ್ಕೆ ಬರುವುದಿಲ್ಲ. ಚೆನ್ನಾಗಿ ಓದಿದ ಹುಡುಗಿಯೊಬ್ಬಳು ಬೇರೆ ಜಿಮೇಲ್‌ನಿಂದ ಲಾಗಿನ್ ಆಗಿ ಮೂರು ವಾರದ ಅಸೈನ್‌ಮೆಂಟ್ ಕಳೆದುಕೊಂಡಿರಬಹುದು. ಅವಳು ದಿನಕ್ಕೆ ಇನ್ನೆರಡು ಗಂಟೆ ಹೆಚ್ಚು ಓದಿದರೆ ಆ ಸೊನ್ನೆಗಳು ಹೋಗುವುದಿಲ್ಲ. ಅಸೈನ್‌ಮೆಂಟ್‌ನಲ್ಲಿ 95 ತೆಗೆಯುವ ಹುಡುಗ ಪರೀಕ್ಷೆಯಲ್ಲಿ 30ಕ್ಕೆ ಕುಸಿಯುತ್ತಿದ್ದರೆ ಅವನು ಓದುವ ಹೊತ್ತಿಗಿಂತ ಓದುವ ರೀತಿಯನ್ನು ನೋಡಬೇಕು. ಆದ್ದರಿಂದ ಮೊದಲು ಪತ್ತೆ, ಆಮೇಲೆ ಪರಿಹಾರ.

ಎಲ್ಲಕ್ಕಿಂತ ಮೊದಲು ಲೆಕ್ಕ

ಹೆಚ್ಚಿನ ಎನ್‌ಪಿಟೆಲ್ ಕೋರ್ಸ್‌ಗಳಲ್ಲಿ ಅಂಕ ಎರಡು ಕಡೆಯಿಂದ ಬರುತ್ತದೆ. ವಾರದ ಅಸೈನ್‌ಮೆಂಟ್‌ಗಳಿಂದ 25, ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಯಿಂದ 75. ಅಸೈನ್‌ಮೆಂಟ್‌ಗಳಲ್ಲಿ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 12 ವಾರದ ಕೋರ್ಸ್‌ನಲ್ಲಿ ಚೆನ್ನಾಗಿ ಬಂದ 8, 8 ವಾರದ್ದರಲ್ಲಿ 6, 4 ವಾರದ್ದರಲ್ಲಿ 3 ಮಾತ್ರ ತೆಗೆದುಕೊಂಡು ಸರಾಸರಿ ಹಾಕುತ್ತಾರೆ. ಸಲ್ಲಿಸದ ಅಸೈನ್‌ಮೆಂಟ್‌ಗೆ ಸೊನ್ನೆ.

ಪಾಸಾಗಲು ಎರಡು ಗಡಿಗಳನ್ನು ಬೇರೆಬೇರೆಯಾಗಿ ದಾಟಬೇಕು: ಅಸೈನ್‌ಮೆಂಟ್‌ನಲ್ಲಿ 25ಕ್ಕೆ 10, ಪರೀಕ್ಷೆಯಲ್ಲಿ 75ಕ್ಕೆ 30. ಒಟ್ಟು ಮೊತ್ತ 40 ದಾಟಿದೆ ಎಂದು ನೆಮ್ಮದಿಯಾಗಿರುವವರು ಎಡವುವುದು ಇಲ್ಲೇ. ಅಸೈನ್‌ಮೆಂಟ್‌ನಲ್ಲಿ ಪೂರ್ತಿ 25 ಬಂದಿದೆ, ಪರೀಕ್ಷೆಯಲ್ಲಿ ನೂರಕ್ಕೆ 38 ಬಂದಿದೆ ಎನ್ನಿ. 38 ಎಂದರೆ 75ಕ್ಕೆ 28.5. ಒಟ್ಟು 53.5. ಆದರೂ ಫೇಲ್. ತಿರುಗಿಸಿ ನೋಡಿ: ಪರೀಕ್ಷೆಯಲ್ಲಿ ನೂರಕ್ಕೆ 80, ಎಂದರೆ 75ಕ್ಕೆ 60, ಅಸೈನ್‌ಮೆಂಟ್ 9. ಒಟ್ಟು 69. ಇದೂ ಫೇಲ್. ಒಂದು ಕಡೆಯ ಹೆಚ್ಚಳ ಇನ್ನೊಂದು ಕಡೆಯ ಕೊರತೆಯನ್ನು ತುಂಬುವುದಿಲ್ಲ.

ಅಸೈನ್‌ಮೆಂಟ್‌ನ ಗಡಿಯನ್ನು ಒಂದೇ ಸಂಖ್ಯೆಯಾಗಿ ನೆನಪಿಟ್ಟುಕೊಳ್ಳಿ. 12 ವಾರದ ಕೋರ್ಸ್‌ಗೆ 320, 8 ವಾರದ್ದಕ್ಕೆ 240, 4 ವಾರದ್ದಕ್ಕೆ 120. ನಿಮ್ಮ ಒಳ್ಳೆಯ ಅಸೈನ್‌ಮೆಂಟ್‌ಗಳ ಅಂಕಗಳನ್ನು (ಪ್ರತಿಯೊಂದೂ ನೂರಕ್ಕೆ) ಕೂಡಿದಾಗ ಈ ಮೊತ್ತ ಬಂದರೆ 25ಕ್ಕೆ 10 ಸಿಕ್ಕಿತು ಎಂದರ್ಥ. 12 ವಾರದ ಕೋರ್ಸ್‌ನಲ್ಲಿ ನಾಲ್ಕೇ ವಾರ ಬರೆದು ಪ್ರತಿಯೊಂದರಲ್ಲೂ 75 ತೆಗೆದವರ ಮೊತ್ತ 300. ಅವರು ಗಡಿಯ ಕೆಳಗಿದ್ದಾರೆ, ನಾಲ್ಕರಲ್ಲೂ ಚೆನ್ನಾಗಿ ಮಾಡಿದ್ದರೂ ಸಹ.

ಕೆಲವು ಪ್ರೋಗ್ರಾಮಿಂಗ್ ಕೋರ್ಸ್‌ಗಳಲ್ಲಿ ಅಂಕಗಳ ಹಂಚಿಕೆ ಬೇರೆ ಇರುತ್ತದೆ, ನಡುವೆ ಪ್ರತ್ಯೇಕ ಪ್ರೋಗ್ರಾಮಿಂಗ್ ಪರೀಕ್ಷೆಯೂ ಇರಬಹುದು. ನಿಮ್ಮ ಕೋರ್ಸ್‌ನ ಮೊದಲ ಪುಟದಲ್ಲಿರುವ ಪ್ರಮಾಣಪತ್ರದ ನಿಯಮವನ್ನು ಒಮ್ಮೆ ಪೂರ್ತಿ ಓದಿ, ಆಮೇಲೆ ಮುಂದಿನದು.

ಈಗ ಪ್ರೋಗ್ರೆಸ್ ಪುಟ ತೆರೆದು ವಾರವಾರದ ಅಂಕವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸೊನ್ನೆಗಳು ಕಂಡರೆ ಮುಂದಿನ ಭಾಗ ನಿಮಗೆ. ಸೊನ್ನೆ ಇಲ್ಲ, ಆದರೆ 30ರಿಂದ 60ರ ನಡುವೆ ಒದ್ದಾಡುತ್ತಿದ್ದರೆ ಅದರ ಮುಂದಿನದು. ಎಲ್ಲವೂ 80ರ ಮೇಲಿದ್ದು ಪರೀಕ್ಷೆಯಲ್ಲಿ ಬಿದ್ದವರು, ಅಥವಾ ಬೀಳುವ ಭಯ ಇರುವವರು, ‘ಅಸೈನ್‌ಮೆಂಟ್ 90, ಪರೀಕ್ಷೆ 30’ ಎಂಬ ಭಾಗಕ್ಕೆ ನೇರ ಹೋಗಿ.

ಲಕ್ಷಣ: ಬರೆದದ್ದು ನೆನಪಿದೆ, ಪುಟದಲ್ಲಿ ಸೊನ್ನೆ

ಮೊದಲು ಆ ವಾರದ ಅಸೈನ್‌ಮೆಂಟ್ ಪುಟವನ್ನೇ ತೆರೆಯಿರಿ. ಸಲ್ಲಿಕೆ ಆಗಿದ್ದರೆ ಕೊನೆಯ ಬಾರಿ ಯಾವ ದಿನ, ಎಷ್ಟು ಹೊತ್ತಿಗೆ ಸಲ್ಲಿಸಿದಿರಿ ಎಂಬ ಸಾಲು ಅಲ್ಲಿರುತ್ತದೆ. ಆಗಿಲ್ಲದಿದ್ದರೆ ‘ನಮ್ಮ ದಾಖಲೆಯ ಪ್ರಕಾರ ನೀವು ಸಲ್ಲಿಸಿಲ್ಲ’ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಈ ಒಂದು ಸಾಲು ನೋಡಿದರೆ ಅರ್ಧ ಗೊಂದಲ ಬಗೆಹರಿಯುತ್ತದೆ.

ಸಲ್ಲಿಸಿಲ್ಲ ಎಂದಿದ್ದರೆ ಬಲಗಡೆ ಮೇಲೆ ಕಾಣುವ ಇಮೇಲ್ ವಿಳಾಸ ನೋಡಿ. ಒಂದೇ ಫೋನಿನಲ್ಲಿ ಸ್ವಂತದ್ದೊಂದು, ಕಾಲೇಜಿನದ್ದೊಂದು, ಅಣ್ಣನದ್ದೋ ಅಪ್ಪನದ್ದೋ ಇನ್ನೊಂದು ಖಾತೆ ಇರುವುದು ನಮ್ಮಲ್ಲಿ ಸಾಮಾನ್ಯ. ನೋಂದಣಿ ಒಂದು ಖಾತೆಯಲ್ಲಿ, ಸಲ್ಲಿಕೆ ಇನ್ನೊಂದರಲ್ಲಿ ಆಗಿದ್ದರೆ ಎರಡೂ ಬೇರೆಬೇರೆ ವಿದ್ಯಾರ್ಥಿಗಳ ಲೆಕ್ಕಕ್ಕೆ ಹೋಗುತ್ತವೆ. ಪರೀಕ್ಷೆಯ ಫಾರ್ಮ್ ತುಂಬಿದ ಖಾತೆಯೂ ಅದೇ ಆಗಿರಬೇಕು. ಇದಕ್ಕೆ ಪರಿಹಾರ ಸರಳ: ಬ್ರೌಸರ್‌ನಲ್ಲಿ ಹೊಸ ಪ್ರೊಫೈಲ್ ಮಾಡಿ, ಅದರಲ್ಲಿ ಆ ಒಂದು ಖಾತೆ ಮಾತ್ರ ಇಡಿ, ಕೋರ್ಸನ್ನು ಅಲ್ಲಿಂದ ಮಾತ್ರ ತೆರೆಯಿರಿ.

ಇಮೇಲ್ ಸರಿಯಾಗಿದ್ದರೆ ಸಬ್ಮಿಟ್ ಗುಂಡಿಯ ಕಡೆ ಬನ್ನಿ. ಫೋನಿನಲ್ಲಿ ಉತ್ತರಗಳನ್ನು ಗುರುತಿಸಿ ಗುಂಡಿ ಒತ್ತದೆ ಹೊರಬರುವುದು, ಒತ್ತಿದಾಗ ನೆಟ್ ಹೋಗಿರುವುದು, ಪುಟವನ್ನು ಬೆಳಿಗ್ಗೆಯಿಂದ ತೆರೆದಿಟ್ಟು ರಾತ್ರಿ ಒತ್ತುವಷ್ಟರಲ್ಲಿ ಲಾಗಿನ್ ಕಳಚಿಕೊಂಡಿರುವುದು ಇವು ಮೂರು ದೊಡ್ಡ ಕಾರಣಗಳು. ಒತ್ತಿದ ಮೇಲೆ ಪುಟವನ್ನು ಮತ್ತೆ ತೆರೆದು ದಿನಾಂಕದ ಸಾಲು ಕಾಣುವವರೆಗೆ ಸಲ್ಲಿಕೆ ಆಗಿದೆ ಎಂದುಕೊಳ್ಳಬೇಡಿ. ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಗಡುವು ಸಾಮಾನ್ಯವಾಗಿ ಬುಧವಾರ ರಾತ್ರಿ 11.59. ಗಡುವು ಮುಗಿದ ಮೇಲೆ ಉತ್ತರಗಳನ್ನು ಎಲ್ಲರಿಗೂ ಪ್ರಕಟಿಸುವುದರಿಂದ ತಡವಾಗಿ ಬಂದದ್ದನ್ನು ಸ್ವೀಕರಿಸುವುದಿಲ್ಲ. ಕರೆಂಟ್ ಹೋಯಿತು, ಹುಷಾರಿರಲಿಲ್ಲ ಎಂದು ಮೇಲ್ ಬರೆದು ಕಾಯುತ್ತ ಕೂರಬೇಡಿ. ಅಂಥ ಅನಿವಾರ್ಯಗಳಿಗೆಂದೇ 12 ವಾರದ ಕೋರ್ಸ್‌ನಲ್ಲಿ ನಾಲ್ಕು ವಾರ ಬಿಟ್ಟು ಲೆಕ್ಕ ಹಾಕುವ ಪದ್ಧತಿ ಇಟ್ಟಿದ್ದಾರೆ. ಗಡುವಿನೊಳಗೆ ಎಷ್ಟು ಸಲ ಬೇಕಾದರೂ ಸಲ್ಲಿಸಬಹುದು, ಕೊನೆಯದು ಮಾತ್ರ ಲೆಕ್ಕಕ್ಕೆ. ಆದ್ದರಿಂದ ಭಾನುವಾರವೇ ಗೊತ್ತಿದ್ದಷ್ಟಕ್ಕೆ ಉತ್ತರಿಸಿ ಒಮ್ಮೆ ಸಲ್ಲಿಸಿಬಿಡಿ. ಬುಧವಾರ ಸಂಜೆ ತಿದ್ದಿ ಮತ್ತೆ ಸಲ್ಲಿಸಿ. ಈ ಒಂದು ಅಭ್ಯಾಸ ಇದ್ದರೆ ಸೊನ್ನೆ ಎಂಬುದೇ ಇರುವುದಿಲ್ಲ. ಆದರೆ ಎರಡನೇ ಸಲ ಸಲ್ಲಿಸುವಾಗ ಎಲ್ಲ ಪ್ರಶ್ನೆಗಳಿಗೂ ಗುರುತು ಉಳಿದಿದೆಯೇ ಎಂದು ನೋಡಿ; ಖಾಲಿ ಬಿಟ್ಟ ಕೊನೆಯ ಸಲ್ಲಿಕೆಯೇ ಲೆಕ್ಕಕ್ಕೆ ಹೋಗುತ್ತದೆ.

ಉತ್ತರ ಗೊತ್ತಿದ್ದೂ ಅಂಕ ಬಾರದ ಸಂದರ್ಭಗಳೂ ಇವೆ. ಆಯ್ಕೆಯ ಮುಂದೆ ದುಂಡಗಿನ ಗುರುತಿದ್ದರೆ ಒಂದೇ ಉತ್ತರ. ಚೌಕವಿದ್ದರೆ ಒಂದಕ್ಕಿಂತ ಹೆಚ್ಚು ಇರಬಹುದು. ಚೌಕ ಕಂಡರೆ ಪ್ರತಿ ಆಯ್ಕೆಯನ್ನೂ ಸರಿಯೋ ತಪ್ಪೋ ಎಂದು ಒಂಟಿಯಾಗಿ ಪರೀಕ್ಷಿಸಿ. ಸಂಖ್ಯೆ ತುಂಬುವ ಪ್ರಶ್ನೆಯಲ್ಲಿ ಘಟಕ ಸೇರಿಸಿ ಬರೆಯುವುದು, 1200 ಎನ್ನುವಲ್ಲಿ ಅಲ್ಪವಿರಾಮ ಹಾಕುವುದು, 0.33 ಕೇಳಿದಲ್ಲಿ 1/3 ಎನ್ನುವುದು, ನಡುವಿನ ಹಂತಗಳಲ್ಲೇ ದಶಾಂಶ ಕತ್ತರಿಸಿ ಕೊನೆಯ ಉತ್ತರ ಸ್ವಲ್ಪ ಸರಿದುಹೋಗುವುದು ಇವೆಲ್ಲ ಪಾಠ ಬಂದವರ ಅಂಕವನ್ನೇ ತಿನ್ನುತ್ತವೆ. ಕೊನೆಯವರೆಗೆ ಕನಿಷ್ಠ ನಾಲ್ಕು ದಶಾಂಶ ಸ್ಥಾನ ಇಟ್ಟುಕೊಂಡು ಹೋಗಿ, ಕೇಳಿದಷ್ಟಕ್ಕೆ ಕೊನೆಯಲ್ಲಿ ಮಾತ್ರ ಇಳಿಸಿ.

ಪ್ರೋಗ್ರಾಮಿಂಗ್ ಅಸೈನ್‌ಮೆಂಟ್‌ನಲ್ಲಿ ಕೋಡ್ ಓಡಿತು, ಕಾಣುವ ಟೆಸ್ಟ್ ಕೇಸ್‌ಗಳೆಲ್ಲ (ಕೋಡನ್ನು ಪರೀಕ್ಷಿಸುವ ಇನ್‌ಪುಟ್‌ಗಳು) ಪಾಸಾದವು, ಅಂಕ ಮಾತ್ರ ಬಂದಿಲ್ಲ ಎಂಬ ದೂರು ಬಹಳ. ಓಡಿಸುವುದು ಬೇರೆ, ಸಲ್ಲಿಸುವುದು ಬೇರೆ. ಎರಡಕ್ಕೂ ಬೇರೆ ಗುಂಡಿ. ಅಂಕ ಬರುವುದು ನಿಮಗೆ ಕಾಣದ ಟೆಸ್ಟ್ ಕೇಸ್‌ಗಳ ಮೇಲೆ. ಇನ್‌ಪುಟ್ ಸೊನ್ನೆಯಾದರೆ, ಒಂದೇ ಅಂಶವಿದ್ದರೆ, ಋಣ ಸಂಖ್ಯೆ ಬಂದರೆ, ಎಲ್ಲ ಸಂಖ್ಯೆಗಳೂ ಒಂದೇ ಆಗಿದ್ದರೆ ಏನಾಗುತ್ತದೆ ಎಂದು ಈ ನಾಲ್ಕನ್ನೂ ಕೈಯಾರೆ ಓಡಿಸಿ ನೋಡಿ. ಔಟ್‌ಪುಟ್‌ನ ಕೊನೆಯಲ್ಲಿ ಬೇಡದ ಖಾಲಿ ಜಾಗ ಅಥವಾ ಹೆಚ್ಚಿನ ಸಾಲು ಇದ್ದರೂ ತಪ್ಪೆಂದು ತೆಗೆದುಹಾಕಬಹುದು.

ಲಕ್ಷಣ: ಪ್ರತಿ ವಾರ ಬರೆಯುತ್ತೇನೆ, ಅಂಕ 30ರಿಂದ 60ರ ನಡುವೆಯೇ

ಇಲ್ಲಿ ದೋಷ ಮೂರು ತರಹದ್ದಿರಬಹುದು, ಮೂರಕ್ಕೂ ಔಷಧಿ ಬೇರೆ. ಯಾವುದು ಎಂದು ತಿಳಿಯಲು ಕಳೆದ ಎರಡು ಮೂರು ವಾರಗಳಲ್ಲಿ ತಪ್ಪಾದ 10 ಪ್ರಶ್ನೆಗಳನ್ನು ತೆಗೆದುಕೊಳ್ಳಿ. ಪ್ರಕಟವಾದ ಉತ್ತರ ನೋಡಿ, ಪ್ರತಿ ಪ್ರಶ್ನೆಯ ಪಕ್ಕ ಒಂದು ಅಕ್ಷರ ಬರೆಯಿರಿ. ಪ್ರಶ್ನೆ ಏನು ಕೇಳುತ್ತಿದೆ ಎಂದೇ ಆಗ ತಿಳಿದಿರಲಿಲ್ಲವಾದರೆ ‘ಭಾ’, ಭಾಷೆ. ಪ್ರಶ್ನೆ ತಿಳಿಯಿತು, ಪಾಠದ ಆ ಅಂಶ ಗೊತ್ತಿರಲಿಲ್ಲವಾದರೆ ‘ಪಾ’. ಎರಡೂ ಗೊತ್ತಿದ್ದು ಲೆಕ್ಕದಲ್ಲಿ ತಪ್ಪಿದ್ದರೆ ‘ಲೆ’. ಯಾವ ಅಕ್ಷರ ಆರು ಸಲಕ್ಕಿಂತ ಹೆಚ್ಚು ಬಂದಿದೆಯೋ ಅದೇ ನಿಮ್ಮ ರೋಗ. ಎಲ್ಲ ಸಮನಾಗಿ ಹಂಚಿದ್ದರೆ ‘ಪಾ’ದಿಂದ ಶುರುಮಾಡಿ.

‘ಭಾ’ ಹೆಚ್ಚು ಬಂದವರಲ್ಲಿ ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಬಹಳ. ಇದು ಬುದ್ಧಿಯ ಕೊರತೆಯಲ್ಲ ಎಂದು ಒತ್ತಿ ಹೇಳಬೇಕು, ಯಾಕೆಂದರೆ ಈ ಗುಂಪಿನವರೇ ಬೇಗ ಕೈಚೆಲ್ಲುತ್ತಾರೆ. ಪ್ರತಿ ಪ್ರಶ್ನೆಯನ್ನೂ ಉತ್ತರಿಸುವ ಮೊದಲು ಬಾಯಿಬಿಟ್ಟು ಕನ್ನಡದಲ್ಲಿ ಹೇಳಿಕೊಳ್ಳಿ: ಕೊಟ್ಟಿರುವುದು ಏನು, ಕೇಳಿರುವುದು ಏನು. ‘ನಾಟ್’, ‘ಎಕ್ಸೆಪ್ಟ್’, ‘ಅಟ್ ಲೀಸ್ಟ್’, ‘ಅಟ್ ಮೋಸ್ಟ್’, ‘ಓನ್ಲಿ ಇಫ್’ ಈ ಐದು ಕಂಡಲ್ಲೆಲ್ಲ ಅಡಿಗೆರೆ ಎಳೆಯಿರಿ. ಅರ್ಥ ತಲೆಕೆಳಗಾಗುವುದು ಹೆಚ್ಚಾಗಿ ಇವುಗಳಿಂದಲೇ. ವಾರಕ್ಕೆ 15 ಪಾರಿಭಾಷಿಕ ಪದ ಬರೆದಿಟ್ಟು, ಎದುರಿಗೆ ನಿಘಂಟಿನ ಅರ್ಥ ಹಾಕದೆ ನಿಮ್ಮದೇ ಕನ್ನಡ ವಾಕ್ಯದಲ್ಲಿ ಅದು ಏನು ಮಾಡುತ್ತದೆ ಎಂದು ಬರೆಯಿರಿ. ಎನ್‌ಪಿಟೆಲ್‌ನ ಹಲವು ಕೋರ್ಸ್‌ಗಳಿಗೆ ಉಪನ್ಯಾಸದ ಪಠ್ಯರೂಪ ಸಿಗುತ್ತದೆ. ಕೆಲವಕ್ಕೆ ಅದರ ಕನ್ನಡ ಅನುವಾದವೂ ಇದೆ. ಕನ್ನಡದ್ದನ್ನು ಮೊದಲು ಓದಿ, ಆಮೇಲೆ ಇಂಗ್ಲಿಷ್ ವಿಡಿಯೋ ನೋಡಿ. ಪರೀಕ್ಷೆ ಇಂಗ್ಲಿಷಿನಲ್ಲೇ ಇರುವುದರಿಂದ ಎರಡನೆಯದನ್ನು ಬಿಡುವಂತಿಲ್ಲ.

‘ಪಾ’ ಹೆಚ್ಚು ಬಂದಿದ್ದರೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ತಿಳಿಯದೇ ಹೋದದ್ದು ಈ ಕೋರ್ಸ್‌ನ ಪಾಠವೋ, ಅದಕ್ಕಿಂತ ಹಿಂದಿನ ಪಾಠವೋ? ಮಶೀನ್ ಲರ್ನಿಂಗ್ ಕೋರ್ಸ್‌ನಲ್ಲಿ ಒದ್ದಾಡುವವರ ತೊಂದರೆ ಎಷ್ಟೋ ಸಲ ಮ್ಯಾಟ್ರಿಕ್ಸ್ ಮತ್ತು ಸಂಭವನೀಯತೆಯಲ್ಲಿ ಇರುತ್ತದೆ. ಹಲವು ಕೋರ್ಸ್‌ಗಳು ಆರಂಭದಲ್ಲಿ ‘ವೀಕ್ ಝೀರೋ’ ಎಂಬ ಅಸೈನ್‌ಮೆಂಟ್ ಕೊಡುತ್ತವೆ. ಅಂಕಕ್ಕೆ ಸೇರುವುದಿಲ್ಲವೆಂದು ಎಲ್ಲರೂ ಅದನ್ನು ಬಿಡುತ್ತಾರೆ. ಈಗಲಾದರೂ ಮಾಡಿ ನೋಡಿ. ಅದರಲ್ಲಿ ಅರ್ಧಕ್ಕಿಂತ ಕಡಿಮೆ ಬಂದರೆ ತಳಪಾಯದಲ್ಲೇ ಬಿರುಕಿದೆ. ಎರಡು ವಾರ, ದಿನಕ್ಕೆ ಒಂದು ಗಂಟೆ, ಆ ಹಿಂದಿನ ವಿಷಯಕ್ಕೆ ಕೊಡಿ. ಈ ಕೋರ್ಸ್‌ನ ಅಸೈನ್‌ಮೆಂಟನ್ನು ಕೈಲಾದಷ್ಟಕ್ಕೆ ಸಲ್ಲಿಸುತ್ತ ಹೋಗಿ.

ವಿಡಿಯೋ ನೋಡುವ ರೀತಿಯನ್ನೂ ಇಲ್ಲೇ ತಿದ್ದಿಕೊಳ್ಳಬೇಕು. 12 ವಾರದ ಕೋರ್ಸ್‌ನಲ್ಲಿ ಸುಮಾರು 30 ಗಂಟೆ ಉಪನ್ಯಾಸವಿರುತ್ತದೆ, ವಾರಕ್ಕೆ ಎರಡೂವರೆ ಗಂಟೆ. ಎರಡೂವರೆ ಗಂಟೆಯನ್ನು ಎರಡರ ವೇಗದಲ್ಲಿ ನೋಡಿ ಒಂದೂಕಾಲಕ್ಕೆ ಮುಗಿಸಿದರೆ ಪಾಠ ಕಿವಿಗೆ ಬಿದ್ದಿರುತ್ತದೆ ಅಷ್ಟೇ. ಅರ್ಧ ಗಂಟೆಯ ಒಂದು ಪಾಠಕ್ಕೆ ನೋಟ್ಸ್ ಸೇರಿ ಒಂದು ಗಂಟೆ ಇಟ್ಟುಕೊಳ್ಳಿ. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆದ ಕೂಡಲೇ ವಿಡಿಯೋ ನಿಲ್ಲಿಸಿ, ಕಾಗದದ ಮೇಲೆ ನೀವೇ ಬಿಡಿಸಿ, ಆಮೇಲೆ ಮುಂದೆ ಓಡಿಸಿ. ವಾರಕ್ಕೆ ಐದು ಗಂಟೆ ಪಾಠ, ಎರಡು ಗಂಟೆ ಅಸೈನ್‌ಮೆಂಟ್, ಒಟ್ಟು ಏಳು. ಒಂದೇ ಸೆಮಿಸ್ಟರ್‌ನಲ್ಲಿ ಇಂಥ ಮೂರು ಕೋರ್ಸ್ ಹಾಕಿಕೊಂಡಿದ್ದರೆ ಕಾಲೇಜಿನ ಕ್ಲಾಸ್ ಬಿಟ್ಟು ವಾರಕ್ಕೆ 21 ಗಂಟೆ ಬೇಕು. ಅಷ್ಟು ಹೊತ್ತು ಸಿಗುವುದಿಲ್ಲವೆಂದಾದರೆ ಒಂದನ್ನು ಬಿಡುವುದೇ ಉಳಿದೆರಡನ್ನು ಉಳಿಸಿಕೊಳ್ಳುವ ದಾರಿ.

ನೆಟ್ ಸರಿಯಿಲ್ಲದ ಊರಿನವರು ವಿಡಿಯೋಗಳನ್ನು ಕಾಲೇಜಿನ ವೈಫೈನಲ್ಲಿ ವಾರಕ್ಕೊಮ್ಮೆ ಕಡಿಮೆ ಗುಣಮಟ್ಟದಲ್ಲಿ ಡೌನ್‌ಲೋಡ್ ಮಾಡಿಕೊಳ್ಳಿ. ಅಸೈನ್‌ಮೆಂಟ್ ಪುಟಕ್ಕೆ ಡೇಟಾ ಹೆಚ್ಚು ಬೇಡ, ಅದು ಟೂಜಿಯಲ್ಲೂ ತೆರೆಯಬಹುದು. ಅಂಕ ಕಳೆಯುವುದು ಗಡುವಿನ ರಾತ್ರಿಯೇ ವಿಡಿಯೋವನ್ನೂ ನೋಡಲು ಹೊರಟಾಗ.

‘ಲೆ’ ಹೆಚ್ಚು ಬಂದವರಿಗೆ ಹೇಳುವುದು ಕಡಿಮೆ. ಲೆಕ್ಕವನ್ನು ತಲೆಯಲ್ಲಿ ಮಾಡಬೇಡಿ, ಕಾಗದದಲ್ಲಿ ಮಾಡಿ. ಘಟಕಗಳನ್ನು ಪ್ರತಿ ಸಾಲಿನಲ್ಲೂ ಬರೆಯಿರಿ. ಉತ್ತರವನ್ನು ಹಿಂದಕ್ಕೆ ಹಾಕಿ ಒಮ್ಮೆ ಪರೀಕ್ಷಿಸಿ.

ಸಹಾಯ ಕೇಳಬೇಕಾದ ಜಾಗಗಳಲ್ಲಿ ಹೆಚ್ಚಿನವರು ಬಳಸದೇ ಬಿಡುವುದು ಎರಡು. ಕೋರ್ಸ್‌ನ ಚರ್ಚಾ ವೇದಿಕೆಯಲ್ಲಿ ಪ್ರಶ್ನೆ ಹಾಕಿದರೆ ಬೋಧನಾ ಸಹಾಯಕರು ಉತ್ತರಿಸುತ್ತಾರೆ. ಆದರೆ ‘ನಾಲ್ಕನೇ ವಾರ ಅರ್ಥ ಆಗಲಿಲ್ಲ’ ಎಂದು ಬರೆದರೆ ಅವರೂ ಏನೂ ಮಾಡಲಾರರು. ಯಾವ ಪಾಠ, ಎಷ್ಟನೇ ನಿಮಿಷ, ನೀವು ಎಲ್ಲಿಯವರೆಗೆ ಬಿಡಿಸಿದಿರಿ ಎಂದು ಬರೆಯಿರಿ. ಇನ್ನೊಂದು, ಪ್ರಧಾನಮಂತ್ರಿ ಸಂಶೋಧನಾ ಫೆಲೋಗಳು (ಐಐಟಿಯಂಥ ಸಂಸ್ಥೆಗಳ ಪಿಎಚ್‌ಡಿ ವಿದ್ಯಾರ್ಥಿಗಳು) ಹಲವು ಕೋರ್ಸ್‌ಗಳಿಗೆ ವಾರವಾರ ನಡೆಸುವ ನೇರ ತರಗತಿಗಳು. ಪ್ರಕಟಣೆಯ ಮೇಲ್‌ಗಳಲ್ಲಿ ಅದರ ಲಿಂಕ್ ಇರುತ್ತದೆ. ಅಸೈನ್‌ಮೆಂಟ್ ಮಾದರಿಯ ಲೆಕ್ಕಗಳನ್ನು ಅಲ್ಲಿ ಬಿಡಿಸಿ ತೋರಿಸುತ್ತಾರೆ, ಪ್ರಶ್ನೆ ಕೇಳಲೂ ಅವಕಾಶವಿದೆ.

ಲಕ್ಷಣ: ಅಸೈನ್‌ಮೆಂಟ್ 90, ಪರೀಕ್ಷೆ 30

ಇದು ಬಹಳ ಜನರನ್ನು ಕೆಡವುವ ದೋಷ. ಕೊನೆಯವರೆಗೆ ಕಾಣಿಸದೇ ಇರುವುದರಿಂದ ಅತಿ ಕ್ರೂರವಾದದ್ದೂ ಹೌದು. 12 ವಾರ ಪ್ರೋಗ್ರೆಸ್ ಪುಟ ಹಸಿರಾಗಿಯೇ ಇರುತ್ತದೆ.

ಪತ್ತೆ ಪರೀಕ್ಷೆ ಹೀಗೆ. ಐದನೇ ವಾರ ಮುಗಿದ ಮೇಲೆ ಎರಡನೇ ವಾರದ ಅಸೈನ್‌ಮೆಂಟ್ ತೆಗೆದುಕೊಳ್ಳಿ. ಫೋನ್ ಬೇರೆ ಕೋಣೆಯಲ್ಲಿಡಿ. ನೋಟ್ಸ್ ಮುಚ್ಚಿ. 10 ಪ್ರಶ್ನೆಗೆ 18 ನಿಮಿಷ ಇಟ್ಟುಕೊಂಡು ಬರೆಯಿರಿ. ಬಂದ ಅಂಕವನ್ನು ಪೋರ್ಟಲ್‌ನಲ್ಲಿರುವ ಅಂಕದ ಪಕ್ಕ ಇಡಿ. ಪೋರ್ಟಲ್‌ನಲ್ಲಿ 90, ಈಗ 75 ಬಂದರೆ ಸಾಮಾನ್ಯ ಮರೆವು, ಹೆದರಬೇಕಿಲ್ಲ. 90 ಇದ್ದದ್ದು 50ಕ್ಕೆ ಇಳಿದರೆ ಪರೀಕ್ಷೆಯಲ್ಲಿ ಇನ್ನೂ ಕೆಳಗೆ ಹೋಗುವ ಸಾಧ್ಯತೆಯೇ ಹೆಚ್ಚು.

ಕಾರಣಗಳಲ್ಲಿ ಒಂದನ್ನು ಎಲ್ಲರೂ ಬಲ್ಲರು, ಹೇಳುವುದಿಲ್ಲ. ಟೆಲಿಗ್ರಾಂ ಗುಂಪುಗಳಲ್ಲೂ ಯೂಟ್ಯೂಬ್‌ನಲ್ಲೂ ಪ್ರತಿ ವಾರ ‘ಉತ್ತರಗಳು’ ಬರುತ್ತವೆ. ಅದರಿಂದ ಸಿಗುವುದು ಹೆಚ್ಚೆಂದರೆ 25ರ ಪಾಲು. 75ರ ಪಾಲಿಗೆ ಬೇಕಾದ ಅಭ್ಯಾಸವನ್ನು ಅದು ಪೂರ್ತಿ ಕಿತ್ತುಕೊಳ್ಳುತ್ತದೆ. ಅಲ್ಲದೆ ಆ ಉತ್ತರಗಳಲ್ಲಿ ತಪ್ಪುಗಳಿರುತ್ತವೆ, ಹಿಂದಿನ ವರ್ಷದ ಪ್ರಶ್ನೆಯ ಉತ್ತರವನ್ನೇ ಸಂಖ್ಯೆ ಬದಲಾದದ್ದು ನೋಡದೆ ಹಾಕಿರುತ್ತಾರೆ. 25ಕ್ಕೆ 23 ಇದ್ದು ಪರೀಕ್ಷೆಯಲ್ಲಿ ಬಿದ್ದವರಿಗಿಂತ, ಸ್ವಂತವಾಗಿ ಬರೆದು 15 ತೆಗೆದವರು ಪರೀಕ್ಷೆಗೆ ಮೇಲಾದ ಸ್ಥಿತಿಯಲ್ಲಿರುತ್ತಾರೆ.

ಆದರೆ ನಕಲು ಮಾಡದವರೂ ಇಲ್ಲಿ ಬೀಳುತ್ತಾರೆ, ಅವರ ಬಗ್ಗೆ ಹೆಚ್ಚು ಹೇಳಬೇಕು. ಅಸೈನ್‌ಮೆಂಟ್‌ಗೂ ಪರೀಕ್ಷೆಗೂ ಮೂರು ವ್ಯತ್ಯಾಸಗಳಿವೆ. ಅಸೈನ್‌ಮೆಂಟ್ ಬರೆಯುವಾಗ ಪಾಠ ಪಕ್ಕದಲ್ಲೇ ಇರುತ್ತದೆ. ಯಾವ ವಾರದ ಸೂತ್ರ ಬೇಕು ಎಂದು ಪ್ರಶ್ನೆಯ ಶೀರ್ಷಿಕೆಯೇ ಹೇಳಿಬಿಡುತ್ತದೆ. ಹೊತ್ತಿಗೆ ಮಿತಿಯಿಲ್ಲ. ಪರೀಕ್ಷೆಯ ಮೂರು ಗಂಟೆಯಲ್ಲಿ ಈ ಮೂರೂ ಇರುವುದಿಲ್ಲ: ನೆನಪಿನಿಂದ ತರಬೇಕು, 12 ವಾರದ ಪ್ರಶ್ನೆಗಳು ಕಲಸಿ ಬರುತ್ತವೆ, ಗಡಿಯಾರ ಓಡುತ್ತಿರುತ್ತದೆ. ನೋಟ್ಸ್ ನೋಡಿದಾಗ ‘ಹೌದು, ಇದು ಗೊತ್ತು’ ಎನಿಸುವುದಕ್ಕೂ ಖಾಲಿ ಹಾಳೆಯ ಮೇಲೆ ಅದನ್ನು ಬರೆಯುವುದಕ್ಕೂ ಬಹಳ ದೂರ. ಓದಿದ್ದನ್ನೇ ಮತ್ತೆ ಮತ್ತೆ ಓದುವವರಿಗೆ ಮೊದಲನೆಯದು ಬೆಳೆಯುತ್ತ ಹೋಗುತ್ತದೆ, ಎರಡನೆಯದು ಇದ್ದಲ್ಲೇ ಇರುತ್ತದೆ.

ಆದ್ದರಿಂದ ಪರಿಹಾರವೂ ಆ ಮೂರನ್ನೇ ಹಿಡಿದು ಸಾಗಬೇಕು. ನಾಲ್ಕನೇ ವಾರದಿಂದ ಪ್ರತಿ ಭಾನುವಾರ ಹಳೆಯ ವಾರಗಳ ಅಸೈನ್‌ಮೆಂಟ್‌ಗಳಿಂದ 20 ಪ್ರಶ್ನೆ ಆಯ್ದು, ವಾರದ ಸಂಖ್ಯೆ ಮುಚ್ಚಿ, ಕಲಸಿ, 36 ನಿಮಿಷದಲ್ಲಿ ಬರೆಯಿರಿ. ಪ್ರಶ್ನೆಗಳನ್ನು ಚೀಟಿಗಳ ಮೇಲೆ ಬರೆದು ಕಲಸಿದರೆ ಸಾಕು, ಆಪ್ ಬೇಡ. ಪ್ರತಿ ಪ್ರಶ್ನೆಗೂ ಮೊದಲು ‘ಇದು ಯಾವ ವಿಷಯದ್ದು, ಯಾವ ಸೂತ್ರ’ ಎಂದು ಬರೆದು ಆಮೇಲೆ ಬಿಡಿಸಿ. ಕಲಸಿದ ಪ್ರಶ್ನೆಪತ್ರಿಕೆಯಲ್ಲಿ ಎಡವುವುದು ಈ ಹೆಜ್ಜೆಯಲ್ಲೇ. ಸರಿಯಾದ ಚೀಟಿಯನ್ನು ಮೂರು ವಾರ ಪಕ್ಕಕ್ಕಿಡಿ, ತಪ್ಪಾದದ್ದನ್ನು ಮುಂದಿನ ಭಾನುವಾರಕ್ಕೆ ಮತ್ತೆ ಸೇರಿಸಿ. ಅಸೈನ್‌ಮೆಂಟ್ ಪ್ರಶ್ನೆಯ ಸಂಖ್ಯೆಗಳನ್ನು ಬದಲಿಸಿ, ಕೊಟ್ಟದ್ದನ್ನು ಕೇಳಿದ್ದಾಗಿ, ಕೇಳಿದ್ದನ್ನು ಕೊಟ್ಟದ್ದಾಗಿ ತಿರುಗಿಸಿ ಬಿಡಿಸುವುದು ಇನ್ನೂ ಒಳ್ಳೆಯದು. ಬಹುಆಯ್ಕೆಯಲ್ಲಿ ಸರಿ ಉತ್ತರ ಯಾಕೆ ಸರಿ ಎಂದಷ್ಟೇ ಅಲ್ಲ, ಉಳಿದ ಮೂರು ಯಾಕೆ ತಪ್ಪು ಎಂದು ಒಂದೊಂದು ಸಾಲು ಬರೆಯಿರಿ. ಒಂದು ಪ್ರಶ್ನೆಯಿಂದ ನಾಲ್ಕು ಪ್ರಶ್ನೆಯ ಪಾಠ ಸಿಗುತ್ತದೆ.

ಕೋರ್ಸ್ ಮುಗಿದು ಪರೀಕ್ಷೆ ಬರುವ ನಡುವಿನ ದಿನಗಳಲ್ಲಿ ವಿಡಿಯೋಗಳನ್ನು ಮೊದಲಿಂದ ನೋಡಲು ಹೊರಡಬೇಡಿ. 30 ಗಂಟೆ ಅಲ್ಲಿಗೇ ಹೋಗುತ್ತದೆ. ಎಲ್ಲ ವಾರದ ಅಸೈನ್‌ಮೆಂಟ್‌ಗಳನ್ನು ಮುಚ್ಚಿಟ್ಟು ಬಿಡಿಸಿ, ತಪ್ಪಿದ ಪಾಠದ ತಪ್ಪಿದ ಭಾಗವನ್ನು ಮಾತ್ರ ನೋಡಿ. ಮೂರು ಗಂಟೆಯ ಪೂರ್ಣ ಅಭ್ಯಾಸ ಪರೀಕ್ಷೆ ಕನಿಷ್ಠ ಎರಡು ಇರಲಿ, ನಿಮ್ಮ ನಿಜವಾದ ಪರೀಕ್ಷೆಯ ಹೊತ್ತಿಗೇ, ಬೆಳಗಿನದಾದರೆ ಬೆಳಗ್ಗೆಯೇ.

ಓದಿನ ಹೊರಗಿನ ಎರಡು ಮೂರು ದೋಷಗಳು

ಕೋರ್ಸ್‌ಗೆ ಸೇರಿದರೆ ಪರೀಕ್ಷೆಗೂ ಸೇರಿದಂತೆ ಎಂದು ತಿಳಿಯಬೇಡಿ. ಪರೀಕ್ಷೆಗೆ ಪ್ರತ್ಯೇಕ ಫಾರ್ಮ್, ಪ್ರತ್ಯೇಕ ಶುಲ್ಕ, ಪ್ರತ್ಯೇಕ ಕೊನೆಯ ದಿನಾಂಕ. ಶುಲ್ಕ ಕಟ್ಟಿ ಹಣ ಕಡಿತವಾಗಿ ಫಾರ್ಮ್ ಪೂರ್ಣವಾಗದೇ ಉಳಿಯುವುದುಂಟು. ಖಚಿತಪಡಿಸುವ ಮೇಲ್ ಬಂದಿದೆಯೇ ನೋಡಿ. ಹೆಸರನ್ನು ಕಾಲೇಜು ದಾಖಲೆಯಲ್ಲಿರುವ ಹಾಗೆಯೇ ತುಂಬಿ, ಏಕೆಂದರೆ ಪ್ರಮಾಣಪತ್ರಕ್ಕೆ ಅದೇ ಹೋಗುತ್ತದೆ. ಹತ್ತಿರದ ಊರಿನ ಕೇಂದ್ರಗಳು ಬೇಗ ಭರ್ತಿಯಾಗುವುದರಿಂದ ಕೊನೆಯ ವಾರಕ್ಕೆ ಇಟ್ಟುಕೊಂಡವರು ದೂರದ ಜಿಲ್ಲೆಗೆ ರಾತ್ರಿ ಬಸ್ಸಿನಲ್ಲಿ ಹೋಗಿ ನಿದ್ದೆಗೆಟ್ಟು ಬರೆಯಬೇಕಾಗುತ್ತದೆ. ಪರೀಕ್ಷೆಯ ದಿನ ಹಾಲ್ ಟಿಕೆಟ್‌ನ ಮುದ್ರಿತ ಪ್ರತಿ ಮತ್ತು ಫೋಟೋ ಇರುವ ಮೂಲ ಗುರುತಿನ ಚೀಟಿ ಕೈಯಲ್ಲಿರಲಿ.

ವಾರಗಳು ಆಗಲೇ ಕಳೆದುಹೋಗಿದ್ದರೆ

320ರ ಲೆಕ್ಕ ಈಗ ಕೆಲಸಕ್ಕೆ ಬರುತ್ತದೆ. ಎಂಟನೇ ವಾರ ಮುಗಿದಿದೆ, ಐದು ಅಸೈನ್‌ಮೆಂಟ್‌ನಲ್ಲಿ 70ರಂತೆ ಬಂದಿದೆ ಎನ್ನಿ. ಮೊತ್ತ 350. ಅಸೈನ್‌ಮೆಂಟ್‌ನ ಗಡಿ ಆಗಲೇ ದಾಟಿದೆ. ಇನ್ನು ಮುಂದಿನ ವಾರಗಳ ಅಸೈನ್‌ಮೆಂಟ್ ಸಲ್ಲಿಸಿ, ಆದರೆ ರಾತ್ರಿಯೆಲ್ಲ ಅದರ ಮೇಲೆ ಕೂರಬೇಡಿ, ಆ ಹೊತ್ತನ್ನು ಪರೀಕ್ಷೆಯ ಅಭ್ಯಾಸಕ್ಕೆ ತಿರುಗಿಸಿ. ಅದೇ ಎಂಟನೇ ವಾರದಲ್ಲಿ ಎರಡೇ ಅಸೈನ್‌ಮೆಂಟ್ ಬರೆದು 60ರಂತೆ ಬಂದಿದ್ದರೆ ಮೊತ್ತ 120. ಉಳಿದ ನಾಲ್ಕರಿಂದ 200 ಬೇಕು, ಸರಾಸರಿ 50. ಆಗುವ ಮಾತು, ಈಗ ಅಸೈನ್‌ಮೆಂಟೇ ಮೊದಲು. ಇದೇ 120 ಮೊತ್ತದಲ್ಲಿ ಹತ್ತನೇ ವಾರವೂ ಮುಗಿದುಹೋಗಿದ್ದರೆ ಉಳಿದ ಎರಡರಲ್ಲೂ ನೂರಕ್ಕೆ ನೂರು ಬಂದರೆ ಮಾತ್ರ ಗಡಿ ಮುಟ್ಟುತ್ತದೆ. ಪರೀಕ್ಷೆಯ ಶುಲ್ಕ ಇನ್ನೂ ಕಟ್ಟಿಲ್ಲವಾದರೆ ಹಣ ಉಳಿಸಿಕೊಂಡು, ಪಾಠಗಳನ್ನು ನಿಧಾನವಾಗಿ ಮುಗಿಸಿ, ಕೋರ್ಸ್ ಮತ್ತೆ ನಡೆಯುವಾಗ ಸೇರುವುದು ಜಾಣತನ.

ಎಲ್ಲ ವಿಷಯವೂ ಒಟ್ಟಿಗೆ ಕುಸಿದಿದ್ದರೆ

ಒಂದೇ ಕೋರ್ಸ್‌ನಲ್ಲಿ ಅಂಕ ಇಳಿದರೆ ಮೇಲಿನ ಕಾರಣಗಳಲ್ಲೊಂದು ಹೊಂದುತ್ತದೆ. ಒಂದು ತಿಂಗಳಲ್ಲಿ ಎಲ್ಲವೂ ಇಳಿದಿದ್ದರೆ ಪುಸ್ತಕ ಪಕ್ಕಕ್ಕಿಟ್ಟು ಬೇರೆ ಕಡೆ ನೋಡಬೇಕು: ನಿದ್ದೆ ಎಷ್ಟು, ಊಟ ಸರಿಯೇ, ರಾತ್ರಿ ಪಾಳಿಯ ಕೆಲಸವಿದೆಯೇ, ಮನೆಯಲ್ಲಿ ಕಾಯಿಲೆಯವರಿದ್ದಾರೆಯೇ, ಎರಡು ವಾರಕ್ಕಿಂತ ಹೆಚ್ಚು ಯಾವುದರಲ್ಲೂ ಮನಸ್ಸಿಲ್ಲದೆ ಇದೆಯೇ. ಕೊನೆಯದಕ್ಕೆ ಹೌದು ಎಂದಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ. ಸರ್ಕಾರದ ಉಚಿತ ಸೇವೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಬದುಕುವುದೇ ಬೇಡ ಎಂಬ ಯೋಚನೆ ಬಂದಿದ್ದರೆ ಇವತ್ತೇ ಮಾಡಿ, ಮನೆಯವರಲ್ಲೋ ಗೆಳೆಯರಲ್ಲೋ ಒಬ್ಬರಿಗಾದರೂ ಹೇಳಿ. ಕೋರ್ಸ್ ಕಾಯುತ್ತದೆ.

ಫಲಿತಾಂಶ ಬಂದ ಮೇಲೆ, ಕಾಲೇಜಿನ ಕಡೆ

ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರ್‌ನ ಶೇ. 40ರವರೆಗಿನ ಕೋರ್ಸ್‌ಗಳನ್ನು ಸ್ವಯಂ ಮೂಲಕ ಮಾಡಲು ವಿಶ್ವವಿದ್ಯಾಲಯ ಅವಕಾಶ ಕೊಡಬಹುದು. ಯಾವ ಕೋರ್ಸ್‌ಗೆ, ಯಾವ ವಿಷಯದ ಬದಲು ಎಂದು ತೀರ್ಮಾನಿಸುವುದು ನಿಮ್ಮ ವಿಶ್ವವಿದ್ಯಾಲಯ. ಪಾಸಾಗಿಯೂ ಕ್ರೆಡಿಟ್ ಸಿಗದವರಲ್ಲಿ ಪಟ್ಟಿಯಲ್ಲಿಲ್ಲದ ಕೋರ್ಸ್ ಆಯ್ದವರಿದ್ದಾರೆ, 12 ವಾರದ್ದು ಬೇಕಾದಲ್ಲಿ 8 ವಾರದ್ದು ಮಾಡಿದವರೂ ಇದ್ದಾರೆ. 12 ವಾರದ್ದಕ್ಕೆ 3 ಕ್ರೆಡಿಟ್, 8 ವಾರದ್ದಕ್ಕೆ 2, 4 ವಾರದ್ದಕ್ಕೆ 1 ಎಂಬುದು ರೂಢಿಯ ಲೆಕ್ಕ.

ಫೇಲ್ ಆಗಿದ್ದರೆ ಮೊದಲು ಕಾಲೇಜಿನ ಎನ್‌ಪಿಟೆಲ್ ಸಂಯೋಜಕರನ್ನು ನೋಡಿ. ಎನ್‌ಪಿಟೆಲ್‌ನ ಸ್ಥಳೀಯ ಕೇಂದ್ರ ಇರುವ ಕಾಲೇಜುಗಳಲ್ಲಿ ‘ಸ್ಪಾಕ್’ ಎಂದು ಕರೆಯುವ ಒಬ್ಬ ಅಧ್ಯಾಪಕರು ಇರುತ್ತಾರೆ. ಅವರ ಹತ್ತಿರ ಮೂರು ವಿಷಯ ಕೇಳಿ. ಇದೇ ಕೋರ್ಸನ್ನು ಮತ್ತೆ ಮಾಡಬೇಕೋ, ಪಟ್ಟಿಯಲ್ಲಿರುವ ಬೇರೆಯದನ್ನು ಮಾಡಬಹುದೋ, ಅಥವಾ ಕಾಲೇಜಿನಲ್ಲೇ ನಡೆಯುವ ವಿಷಯ ತೆಗೆದುಕೊಂಡು ಕ್ರೆಡಿಟ್ ತುಂಬಬಹುದೋ. ಉತ್ತರವನ್ನು ಪರೀಕ್ಷಾ ವಿಭಾಗದಿಂದ ಲಿಖಿತವಾಗಿ ಪಡೆಯಿರಿ. ಎನ್‌ಪಿಟೆಲ್ ಕೋರ್ಸ್‌ಗಳು ಜನವರಿಯಲ್ಲಿ ಮತ್ತು ಜುಲೈನಲ್ಲಿ ಶುರುವಾಗುತ್ತವೆ, ಪ್ರತಿ ಕೋರ್ಸ್ ಎರಡೂ ಸಲ ನಡೆಯುವುದಿಲ್ಲ. ಪರೀಕ್ಷೆ ಮುಗಿದು ಫಲಿತಾಂಶಕ್ಕೆ ವಾರಗಳೇ ಹಿಡಿಯುವುದರಿಂದ ಉಳಿದ ಕ್ರೆಡಿಟ್ಟನ್ನು ಕೊನೆಯ ಸೆಮಿಸ್ಟರ್‌ಗೆ ಇಟ್ಟುಕೊಳ್ಳಬೇಡಿ. ಎಂಟು ಸೆಮಿಸ್ಟರ್‌ನ ಡಿಗ್ರಿಯಾದರೆ ಏಳನೆಯದರೊಳಗೆ ಮುಗಿಸುವ ಹಾಗೆ ಈಗಲೇ ಕೋರ್ಸ್ ಆರಿಸಿಕೊಳ್ಳಿ.